ತೀವ್ರ ಅಸ್ವಸ್ಥ ಮಕ್ಕಳಲ್ಲಿ ದ್ರವ ಸಮತೋಲನ ಮತ್ತು ಔಷಧಗಳೊಡನೆ ಸೇರುವ ದ್ರವ

ತೀವ್ರ ನಿಗಾ ಘಟಕದಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮಗುವಿನ ದೇಹಕ್ಕೆ ಒಂದು ನಿರ್ದಿಷ್ಟ ಅವಧಿಯಲ್ಲಿ, ಸಾಮಾನ್ಯವಾಗಿ 24 ಗಂಟೆಗಳಲ್ಲಿ, ಸೇರುವ ಒಟ್ಟು ದ್ರವಕ್ಕೂ ಅದೇ ಅವಧಿಯಲ್ಲಿ ದೇಹದಿಂದ ಹೊರಹೋಗುವ ದ್ರವಕ್ಕೂ ಇರುವ ವ್ಯತ್ಯಾಸವನ್ನು ದ್ರವ ಸಮತೋಲನ ಎನ್ನುತ್ತಾರೆ. ಒಳಬರುವ ದ್ರವದಲ್ಲಿ ಡ್ರಿಪ್, ರಕ್ತ ಹಾಗೂ ಪ್ಲಾಸ್ಮಾ, ಮೂಗಿನ ಕೊಳವೆಯ ಮೂಲಕ ಕೊಡುವ ಹಾಲು ಇವೆಲ್ಲ ಇರುವಂತೆಯೇ ಔಷಧಗಳನ್ನು ಕರಗಿಸಲು, ತೆಳುಗೊಳಿಸಲು ಮತ್ತು ಕೊಳವೆಯಿಂದ ಒಳಕ್ಕೆ ತಳ್ಳಲು ಬಳಸುವ ದ್ರವವೂ ಇರುತ್ತದೆ. ಹೊರಹೋಗುವುದರಲ್ಲಿ ಮೂತ್ರ, ಮಲ, ವಾಂತಿ, ಎದೆ ಅಥವಾ ಹೊಟ್ಟೆಗೆ ಹಾಕಿದ ನಳಿಕೆಗಳಿಂದ ಬರುವ ಸ್ರಾವ, ಜೊತೆಗೆ ಚರ್ಮ ಮತ್ತು ಉಸಿರಿನ ಮೂಲಕ ಕಣ್ಣಿಗೆ ಕಾಣದಂತೆ ಆವಿಯಾಗುವ ನೀರು ಸೇರುತ್ತವೆ. ಈ ಲೆಕ್ಕದಲ್ಲಿ ಡ್ರಿಪ್ಪಿಗೆ ಸಿಗುವಷ್ಟು ಗಮನ ಔಷಧಗಳ ಜೊತೆಗೆ ಹೋಗುವ ದ್ರವಕ್ಕೆ ಬಹುಕಾಲ ಸಿಗಲಿಲ್ಲ. ಆದರೆ ಹಲವು ಔಷಧಗಳನ್ನು ಏಕಕಾಲಕ್ಕೆ ಪಡೆಯುವ ಮಗುವಿನಲ್ಲಿ ದಿನದ ದ್ರವದ ಗಣನೀಯ ಪಾಲು ಇದೇ ಆಗಿರುತ್ತದೆ, ಮತ್ತು ವೈದ್ಯರ ಆದೇಶಪತ್ರದಲ್ಲಿ ದ್ರವವೆಂದು ಎಲ್ಲಿಯೂ ನಮೂದಾಗದೆ ಮಗುವಿನ ರಕ್ತನಾಳವನ್ನು ಸೇರುವುದರಿಂದ ಅತ್ಯಂತ ಎಚ್ಚರಿಕೆಯಿಂದ ನೋಡಬೇಕಾದ ಪಾಲೂ ಇದೇ ಆಗಿದೆ.

ಮಗುವಿನ ದೇಹದಲ್ಲಿ ನೀರು

ದಿನ ತುಂಬಿ ಹುಟ್ಟಿದ ಶಿಶುವಿನ ತೂಕದಲ್ಲಿ ಸುಮಾರು ಶೇ. 75ರಷ್ಟು ನೀರೇ ಇರುತ್ತದೆ. ಒಂದು ವರ್ಷ ತುಂಬುವ ಹೊತ್ತಿಗೆ ಈ ಪ್ರಮಾಣ ವಯಸ್ಕರ ಮಟ್ಟಕ್ಕೆ, ಅಂದರೆ ಶೇ. 60ರ ಆಸುಪಾಸಿಗೆ ಇಳಿಯುತ್ತದೆ. ಶಿಶುವಿನಲ್ಲಿ ಈ ನೀರಿನ ದೊಡ್ಡ ಭಾಗ ಜೀವಕೋಶಗಳ ಹೊರಗೆ, ರಕ್ತದಲ್ಲಿ ಮತ್ತು ಅಂಗಾಂಶಗಳ ನಡುವಿನ ಎಡೆಯಲ್ಲಿ ಇರುವುದರಿಂದ ವಾಂತಿಭೇದಿಯಿಂದ ಅದು ಬೇಗನೆ ಸೋರಿಹೋಗುತ್ತದೆ, ಹೆಚ್ಚಾಗಿ ಕೊಟ್ಟರೆ ಅಷ್ಟೇ ಬೇಗ ಅಂಗಾಂಶಗಳಲ್ಲಿ ತುಂಬಿಕೊಳ್ಳುತ್ತದೆ. ತೂಕಕ್ಕೆ ಹೋಲಿಸಿದರೆ ಮಗುವಿನ ಚರ್ಮದ ವಿಸ್ತೀರ್ಣ ಹೆಚ್ಚು, ಉಸಿರಾಟದ ವೇಗವೂ ಹೆಚ್ಚು. ಹೀಗಾಗಿ ಆವಿಯಾಗುವ ನೀರೂ ಅಧಿಕ. ಮೂತ್ರಪಿಂಡಗಳು ರಕ್ತವನ್ನು ಸೋಸುವ ಸಾಮರ್ಥ್ಯವಾದರೋ ದೇಹದ ವಿಸ್ತೀರ್ಣಕ್ಕೆ ತಕ್ಕಂತೆ ವಯಸ್ಕರ ಮಟ್ಟವನ್ನು ಮುಟ್ಟುವುದು ಸುಮಾರು ಎರಡನೆಯ ವರ್ಷದ ಹೊತ್ತಿಗೆ. ಅಲ್ಲಿಯವರೆಗೆ ಹೆಚ್ಚಾದ ನೀರನ್ನೂ ಉಪ್ಪನ್ನೂ ಹೊರಹಾಕುವುದು ಶಿಶುವಿಗೆ ನಿಧಾನದ ಕೆಲಸ.

ರೋಗ ಉಲ್ಬಣಿಸಿದಾಗ ಈ ವ್ಯವಸ್ಥೆ ಮತ್ತಷ್ಟು ಹದಗೆಡುತ್ತದೆ. ಸೋಂಕು ಇಡೀ ದೇಹವನ್ನು ಬಾಧಿಸುವ ಸೆಪ್ಸಿಸ್‌ನಲ್ಲಿ ಲೋಮನಾಳಗಳ ಗೋಡೆ ಸಡಿಲಗೊಂಡು ಪ್ಲಾಸ್ಮಾ ಹೊರಸೋರುತ್ತದೆ. ನೋವು, ವಾಂತಿ, ನ್ಯುಮೋನಿಯಾ, ಮಿದುಳಿನ ಸೋಂಕು, ಶಸ್ತ್ರಚಿಕಿತ್ಸೆ ಮತ್ತು ಓಪಿಯಾಯ್ಡ್ ವರ್ಗದ ನೋವುನಿವಾರಕಗಳು ಮೂತ್ರವನ್ನು ತಡೆಹಿಡಿಯುವ ಎಡಿಎಚ್ ಎಂಬ ಹಾರ್ಮೋನನ್ನು ಹೆಚ್ಚಿಸುತ್ತವೆ. ವೆಂಟಿಲೇಟರಿನಿಂದ ಬರುವ ಬೆಚ್ಚನೆಯ ತೇವದ ಗಾಳಿಯಿಂದಾಗಿ ಉಸಿರಿನ ಮೂಲಕ ಆಗಬೇಕಾದ ನೀರಿನ ನಷ್ಟ ತೀರಾ ಕಡಿಮೆಯಾಗುತ್ತದೆ. ಹೊರಹೋಗುವ ದಾರಿಗಳು ಹೀಗೆ ಒಂದೊಂದಾಗಿ ಕಿರಿದಾಗುವ ಹೊತ್ತಿನಲ್ಲೇ ಒಳಬರುವ ಔಷಧಗಳ ಸಂಖ್ಯೆ ಏರುತ್ತಾ ಹೋಗುತ್ತದೆ.

ನಿತ್ಯದ ಅಗತ್ಯದ ಲೆಕ್ಕ

ಮಕ್ಕಳಿಗೆ ದಿನಕ್ಕೆ ಎಷ್ಟು ದ್ರವ ಬೇಕೆಂಬುದಕ್ಕೆ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸೂತ್ರವನ್ನು ಅಮೆರಿಕದ ಮಾಲ್ಕಮ್ ಹಾಲಿಡೇ ಮತ್ತು ವಿಲಿಯಮ್ ಸೆಗರ್ 1957ರಲ್ಲಿ ಪ್ರಕಟಿಸಿದರು. ಮೊದಲ 10 ಕೆ.ಜಿ. ತೂಕಕ್ಕೆ ಪ್ರತಿ ಕೆ.ಜಿ.ಗೆ 100 ಮಿ.ಲೀ., ಮುಂದಿನ 10 ಕೆ.ಜಿ.ಗೆ ತಲಾ 50 ಮಿ.ಲೀ., ಅದಕ್ಕೂ ಮೇಲ್ಪಟ್ಟ ತೂಕಕ್ಕೆ ತಲಾ 20 ಮಿ.ಲೀ. ಎಂಬುದು ಅದರ ಸಾರ. ಇದರಂತೆ 12 ಕೆ.ಜಿ. ತೂಕದ ಮಗುವಿಗೆ ದಿನಕ್ಕೆ 1,100 ಮಿ.ಲೀ. ಬೇಕಾಗುತ್ತದೆ. ದೇಹ ವ್ಯಯಿಸುವ ಪ್ರತಿ 100 ಕಿಲೊಕ್ಯಾಲರಿಗೆ 100 ಮಿ.ಲೀ. ನೀರು ಬೇಕೆಂಬುದು ಈ ಲೆಕ್ಕದ ತಳಹದಿ. ಆದರೆ ಅರಿವಳಿಕೆಯಲ್ಲಿ ಚಲನೆಯಿಲ್ಲದೆ ಮಲಗಿ ಯಂತ್ರದ ನೆರವಿನಿಂದ ಉಸಿರಾಡುವ ಮಗು ಅಷ್ಟು ಕ್ಯಾಲರಿಯನ್ನು ವ್ಯಯಿಸುವುದಿಲ್ಲ. ಆದ್ದರಿಂದ ತೀವ್ರ ನಿಗಾ ಘಟಕಗಳಲ್ಲಿ ಈ ಪ್ರಮಾಣದ ಅರ್ಧದಿಂದ ಮೂರನೇ ಎರಡು ಭಾಗದಷ್ಟನ್ನು ಮಾತ್ರ ಕೊಡುವ ಪದ್ಧತಿ ವ್ಯಾಪಕವಾಗಿದೆ.

ಹಾಲಿಡೇ ಮತ್ತು ಸೆಗರ್ ಸೂಚಿಸಿದ ಉಪ್ಪಿನ ಪ್ರಮಾಣವು ತಾಯಿಯ ಹಾಲು ಮತ್ತು ಹಸುವಿನ ಹಾಲಿನ ಸಂಯೋಜನೆಯನ್ನು ಅನುಸರಿಸಿತ್ತು, ಹಾಗಾಗಿ ರಕ್ತಕ್ಕಿಂತ ಬಹಳ ಕಡಿಮೆ ಸೋಡಿಯಂ ಇರುವ ಡ್ರಿಪ್‌ಗಳು ದಶಕಗಳ ಕಾಲ ಮಕ್ಕಳ ವಾರ್ಡುಗಳಲ್ಲಿ ರೂಢಿಯಲ್ಲಿದ್ದವು. ಎಡಿಎಚ್ ಏರಿರುವ ಮಗುವಿನಲ್ಲಿ ಇಂಥ ಡ್ರಿಪ್ಪಿನ ನೀರು ಹೊರಹೋಗದೆ ಉಳಿದು ರಕ್ತದ ಸೋಡಿಯಂ ಕುಸಿಯುತ್ತದೆ, ನೀರು ಮಿದುಳಿನ ಜೀವಕೋಶಗಳನ್ನು ಹೊಕ್ಕು ಊತ ಉಂಟುಮಾಡುತ್ತದೆ. ಇದರಿಂದ ಮಕ್ಕಳು ಸಾವಿಗೀಡಾದ ವರದಿಗಳು ಬಂದ ಮೇಲೆ ಬ್ರಿಟನ್ನಿನಲ್ಲಿ 2007ರಲ್ಲಿ ರಾಷ್ಟ್ರೀಯ ರೋಗಿ ಸುರಕ್ಷತಾ ಸಂಸ್ಥೆ ಶೇ. 0.18ರ ಲವಣವಿರುವ ಗ್ಲೂಕೋಸ್ ದ್ರಾವಣವನ್ನು ಮಕ್ಕಳ ಸಾಮಾನ್ಯ ವಾರ್ಡುಗಳಿಂದ ತೆಗೆಯುವಂತೆ ಸೂಚಿಸಿತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2018ರ ಮಾರ್ಗಸೂಚಿ, 28 ದಿನಗಳಿಂದ 18 ವರ್ಷದವರೆಗಿನ ಬಹುತೇಕ ಮಕ್ಕಳಿಗೆ ರಕ್ತಕ್ಕೆ ಸಮನಾದ ಲವಣಾಂಶವುಳ್ಳ ಡ್ರಿಪ್ಪನ್ನೇ ಕೊಡಬೇಕೆಂದು ಹೇಳಿತು. ಆ ಬದಲಾವಣೆ ಅಗತ್ಯವಾಗಿತ್ತು, ಆದರೆ ಅದರೊಡನೆ ಡ್ರಿಪ್ಪಿನ ಸೋಡಿಯಂ ಹೆಚ್ಚಿದ್ದರಿಂದ, ಔಷಧಗಳ ಜೊತೆ ಬರುವ ಸೋಡಿಯಂ ಅದರ ಮೇಲೆ ಹೇರಿಕೆಯಾಗುವ ಪರಿಸ್ಥಿತಿಯೂ ಹುಟ್ಟಿತು.

ಔಷಧಗಳ ಜೊತೆಗೆ ಬರುವ ದ್ರವ

ಸುಟ್ಟ ಗಾಯಗಳ ಚಿಕಿತ್ಸೆಯಲ್ಲಿ ದ್ರವವು ಲೆಕ್ಕ ಮೀರಿ ಮೆಲ್ಲಮೆಲ್ಲನೆ ಹೆಚ್ಚುತ್ತಿರುವುದನ್ನು ಅಮೆರಿಕದ ಶಸ್ತ್ರವೈದ್ಯ ಬೇಸಿಲ್ ಪ್ರೂಯಿಟ್ 2000ದಲ್ಲಿ ‘ಫ್ಲೂಯಿಡ್ ಕ್ರೀಪ್’ ಎಂದು ಕರೆದರು. ಈಗ ಅದೇ ಹೆಸರನ್ನು ಔಷಧ ತೆಳುಗೊಳಿಸುವ ದ್ರವ, ರಕ್ತನಾಳದ ಕೊಳವೆಗಳು ಕಟ್ಟದಂತೆ ಸತತವಾಗಿ ಹರಿಸುವ ದ್ರವ, ಔಷಧದ ಹಿಂದುಮುಂದೆ ಕೊಳವೆ ತೊಳೆಯುವ ಫ್ಲಶ್ ಇವೆಲ್ಲವನ್ನೂ ಒಟ್ಟಾಗಿ ಸೂಚಿಸಲು ಬಳಸುತ್ತಾರೆ. ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ 14,654 ವಯಸ್ಕ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದಿನದ ಒಟ್ಟು ದ್ರವದ ಶೇ. 32.6ರಷ್ಟು ಈ ಮೂಲದಿಂದಲೇ ಬಂದಿತ್ತು. ರಕ್ತಸಂಚಾರ ಕುಸಿಯುವ ಆಘಾತದಿಂದ (ಶಾಕ್) ಚೇತರಿಸಲು ವೇಗವಾಗಿ ಕೊಡುವ ದ್ರವದ ಪಾಲು ಕೇವಲ ಶೇ. 6.5 ಆಗಿತ್ತು. ವಯಸ್ಕರಿಗೆ ಕೊಡುವ ಫ್ಲಶ್‌ನ ಗಾತ್ರವಾಗಲಿ ಧಮನಿಯ ಕೊಳವೆಗೆ ಹರಿಸುವ ದ್ರವವಾಗಲಿ ಮಗುವಿನಲ್ಲಿ ತೂಕಕ್ಕೆ ತಕ್ಕಂತೆ ಕಿರಿದಾಗುವುದಿಲ್ಲವಾದ್ದರಿಂದ ಮಗು ಚಿಕ್ಕದಾದಷ್ಟೂ ಈ ಪಾಲು ದೊಡ್ಡದಾಗುತ್ತದೆ. ಒಂದು ಕೆ.ಜಿ. ತೂಕದ ಅಕಾಲಿಕ ಶಿಶುವಿನ ಧಮನಿಯ ಕೊಳವೆಯಲ್ಲಿ ಗಂಟೆಗೆ ಅರ್ಧ ಮಿ.ಲೀ. ಹರಿಸಿದರೂ ದಿನಕ್ಕೆ 12 ಮಿ.ಲೀ. ಆಗುತ್ತದೆ, ಮತ್ತು ಆ ಶಿಶುವಿನ ದೇಹದಲ್ಲಿರುವ ಒಟ್ಟು ರಕ್ತವೇ 90 ಮಿ.ಲೀ. ಆಸುಪಾಸು.

ಒಂದು ಉದಾಹರಣೆಯ ಲೆಕ್ಕದಿಂದ ವಿಷಯ ಸ್ಪಷ್ಟವಾಗುತ್ತದೆ. ಸುಮಾರು ಎರಡು ವರ್ಷದ, 12 ಕೆ.ಜಿ. ತೂಕದ ಮಗುವೊಂದು ಮಿದುಳುಪೊರೆಯ ಸೋಂಕು ಮತ್ತು ಆಘಾತದಿಂದ ವೆಂಟಿಲೇಟರಿನಲ್ಲಿದೆಯೆಂದು ಭಾವಿಸಬಹುದು. ವ್ಯಾಂಕೊಮೈಸಿನ್ ಪ್ರತಿ ಕೆ.ಜಿ.ಗೆ 15 ಮಿ.ಗ್ರಾಂನಂತೆ 180 ಮಿ.ಗ್ರಾಂ ಪ್ರತಿ ಆರು ಗಂಟೆಗೆ, ಪ್ರತಿ ಮಿ.ಲೀ.ಗೆ 5 ಮಿ.ಗ್ರಾಂ ಸಾಂದ್ರತೆಯಲ್ಲಿ ತಯಾರಿಸಿದರೆ ಒಂದು ಡೋಸಿಗೆ 36 ಮಿ.ಲೀ., ದಿನಕ್ಕೆ 144 ಮಿ.ಲೀ. ಮೆರೊಪೆನೆಮ್ 480 ಮಿ.ಗ್ರಾಂ ಪ್ರತಿ ಎಂಟು ಗಂಟೆಗೆ, ಪ್ರತಿ ಮಿ.ಲೀ.ಗೆ 20 ಮಿ.ಗ್ರಾಂ ಆದರೆ ದಿನಕ್ಕೆ 72 ಮಿ.ಲೀ. ಜ್ವರಕ್ಕೆ ರಕ್ತನಾಳದ ಮೂಲಕ ಕೊಡುವ ಪ್ಯಾರಾಸಿಟಮಾಲ್ ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂ ಪ್ರಮಾಣದಲ್ಲೇ ಸಿದ್ಧವಾಗಿ ಬರುವುದರಿಂದ ನಾಲ್ಕು ಡೋಸಿಗೆ ಮತ್ತೆ 72 ಮಿ.ಲೀ. ಅಡ್ರಿನಲಿನ್, ಮಿಡಾಜೊಲಾಂ ಮತ್ತು ಫೆಂಟನಿಲ್ ಗಂಟೆಗೆ ತಲಾ ಒಂದು ಮಿ.ಲೀ. ಹರಿದರೆ ಇನ್ನೂ 72. ಧಮನಿಯ ಕೊಳವೆ ಮತ್ತು ಮಧ್ಯ ಅಭಿಧಮನಿಯ ಕೊಳವೆಗಳನ್ನು ತೆರೆದಿಡಲು ಗಂಟೆಗೆ ತಲಾ ಒಂದರಂತೆ 48. ದಿನಕ್ಕೆ ಇಪ್ಪತ್ತು ಸಲ ತಲಾ ಎರಡು ಮಿ.ಲೀ. ಫ್ಲಶ್ ಎಂದರೆ 40. ಇವೆಲ್ಲ ಸೇರಿ 448 ಮಿ.ಲೀ. ಆಗುತ್ತದೆ, ಡ್ರಿಪ್ಪಿನ ಒಂದು ಹನಿಯೂ, ಹಾಲಿನ ಒಂದು ಗುಟುಕೂ ಇದರಲ್ಲಿ ಸೇರಿಲ್ಲ. ಹಾಲಿಡೇ–ಸೆಗರ್ ಲೆಕ್ಕದ 1,100 ಮಿ.ಲೀ.ಯಲ್ಲಿ ಇದು ಶೇ. 41ರಷ್ಟು, ಮೂರನೇ ಎರಡು ಭಾಗಕ್ಕೆ ಮಿತಿಗೊಳಿಸಿದ ಮಗುವಿನಲ್ಲಿ ಶೇ. 61ರಷ್ಟು. ಆದೇಶಪತ್ರದಲ್ಲಿ ‘ಮೂರನೇ ಎರಡು ಭಾಗ’ ಎಂದು ಬರೆದು ಅಷ್ಟನ್ನೂ ಡ್ರಿಪ್ಪಿನಲ್ಲೇ ಹರಿಸಿ, ಔಷಧಗಳನ್ನು ಬೇರೆಯಾಗಿ ಕೊಟ್ಟರೆ ಮಗುವಿಗೆ ಸಿಗುವುದು ಮಿತಿಗೊಳಿಸದ ಪ್ರಮಾಣಕ್ಕಿಂತಲೂ ಹೆಚ್ಚು.

ಉಪ್ಪಿನ ಲೆಕ್ಕ ಇದಕ್ಕಿಂತ ಕಳವಳಕಾರಿ. ನಾರ್ಮಲ್ ಸಲೈನ್ ಎಂದು ಕರೆಯಲಾಗುವ ಶೇ. 0.9ರ ಲವಣ ದ್ರಾವಣದಲ್ಲಿ ಲೀಟರಿಗೆ 154 ಮಿಲಿಮೋಲ್ ಸೋಡಿಯಂ ಮತ್ತು ಅಷ್ಟೇ ಕ್ಲೋರೈಡ್ ಇರುತ್ತವೆ. ಮೇಲಿನ ಮಗುವಿನಲ್ಲಿ ಪ್ಯಾರಾಸಿಟಮಾಲನ್ನು ಬಿಟ್ಟು ಉಳಿದ 376 ಮಿ.ಲೀ.ಗೆ ಸಲೈನನ್ನೇ ಬಳಸಿದ್ದರೆ ಸುಮಾರು 58 ಮಿಲಿಮೋಲ್ ಸೋಡಿಯಂ, ಅಂದರೆ ಪ್ರತಿ ಕೆ.ಜಿ.ಗೆ ಹತ್ತಿರಹತ್ತಿರ ಐದು ಮಿಲಿಮೋಲ್, ದೇಹ ಸೇರುತ್ತದೆ. ದಿನದ ಅಗತ್ಯ ಪ್ರತಿ ಕೆ.ಜಿ.ಗೆ ಎರಡರಿಂದ ಮೂರು ಮಿಲಿಮೋಲ್ ಮಾತ್ರ. ಔಷಧದ ಅಣುವಿನೊಂದಿಗೇ ಬರುವ ಸೋಡಿಯಂ ಇದರ ಮೇಲೆ ಬೇರೆ. ಪೈಪೆರಾಸಿಲಿನ್‌ನಂಥ ಪ್ರತಿಜೈವಿಕಗಳು ಸೋಡಿಯಂ ಲವಣದ ರೂಪದಲ್ಲಿರುತ್ತವೆ. ಸೋಡಿಯಂ ಹೆಚ್ಚಿದಂತೆ ನೀರು ಅದರೊಡನೆ ನಿಲ್ಲುತ್ತದೆ, ಕ್ಲೋರೈಡ್ ಹೆಚ್ಚಿದಂತೆ ರಕ್ತದ ಆಮ್ಲತೆ ಏರುತ್ತದೆ. ಆ ಆಮ್ಲತೆಯನ್ನು ಆಘಾತ ಇನ್ನೂ ವಾಸಿಯಾಗಿಲ್ಲವೆಂಬುದರ ಲಕ್ಷಣವೆಂದು ತಪ್ಪಾಗಿ ಗ್ರಹಿಸಿ ಮತ್ತಷ್ಟು ದ್ರವ ಕೊಡುವ ಸಂಭವವೂ ಉಂಟು.

ಫ್ಲಶ್ ದ್ರವವನ್ನು ನಿರುಪದ್ರವಿಯೆಂದು ತಿಳಿಯಬಾರದೆಂಬುದಕ್ಕೆ ನವಜಾತ ಶಿಶುಗಳ ಚಿಕಿತ್ಸೆಯ ಇತಿಹಾಸದಲ್ಲಿ ನೋವಿನ ಅಧ್ಯಾಯವೊಂದಿದೆ. ಬ್ಯಾಕ್ಟೀರಿಯ ಬೆಳೆಯದಂತೆ ಬೆಂಜೈಲ್ ಆಲ್ಕೊಹಾಲ್ ಬೆರೆಸಿದ ಸಲೈನಿನಿಂದ ಕೊಳವೆಗಳನ್ನು ತೊಳೆಯುತ್ತಿದ್ದ ಅಮೆರಿಕದ ಕೆಲವು ಘಟಕಗಳಲ್ಲಿ ಅಕಾಲಿಕ ಶಿಶುಗಳು ತೀವ್ರ ಆಮ್ಲತೆ ಉಂಟಾಗಿ ಏದುಸಿರು ಬಿಡುತ್ತಾ ಸಾಯುತ್ತಿದ್ದುದು 1982ರಲ್ಲಿ ವರದಿಯಾಯಿತು. ವಯಸ್ಕರಿಗೆ ಗಣನೆಗೇ ಬಾರದ ಆ ಸಂರಕ್ಷಕವು ಪದೇಪದೇ ತೊಳೆದ ಕೊಳವೆಗಳಿಂದ ಪುಟ್ಟ ದೇಹದಲ್ಲಿ ವಿಷಪ್ರಮಾಣಕ್ಕೆ ಸಂಗ್ರಹವಾಗಿತ್ತು. ಅದೇ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ನವಜಾತ ಶಿಶುಗಳಲ್ಲಿ ಅದರ ಬಳಕೆಯ ವಿರುದ್ಧ ಎಚ್ಚರಿಕೆ ನೀಡಿತು.

ಕಡಿಮೆ ಮಾಡುವ ದಾರಿಗಳು, ಅವುಗಳ ಮಿತಿಗಳು

ಔಷಧವನ್ನು ಹೆಚ್ಚು ಸಾಂದ್ರವಾಗಿ ತಯಾರಿಸುವುದು ಮೊದಲ ಉಪಾಯ. ಮೇಲಿನ ಮಗುವಿಗೆ ಮಧ್ಯ ಅಭಿಧಮನಿಯಲ್ಲಿ ಕೊಳವೆ ಇರುವುದರಿಂದ ವ್ಯಾಂಕೊಮೈಸಿನನ್ನು ಪ್ರತಿ ಮಿ.ಲೀ.ಗೆ 10 ಮಿ.ಗ್ರಾಂನಂತೆ, ಮೆರೊಪೆನೆಮನ್ನು 50 ಮಿ.ಗ್ರಾಂನಂತೆ ತಯಾರಿಸಿ, ನಿರಂತರ ಔಷಧಗಳ ಸಾಂದ್ರತೆಯನ್ನು ಇಮ್ಮಡಿಗೊಳಿಸಿ ಗಂಟೆಗೆ ಅರ್ಧ ಮಿ.ಲೀ.ಗೆ ಇಳಿಸಿ, ಫ್ಲಶ್ ಅನ್ನು ಒಂದು ಮಿ.ಲೀ.ಗೆ ಸೀಮಿತಗೊಳಿಸಿ, ಹೊಟ್ಟೆ ಹಾಲನ್ನು ಅರಗಿಸಿಕೊಳ್ಳುತ್ತಿದ್ದರೆ ಪ್ಯಾರಾಸಿಟಮಾಲನ್ನು ಮೂಗಿನ ಕೊಳವೆಯಿಂದ ಸಿರಪ್ ರೂಪದಲ್ಲಿ ಕೊಟ್ಟರೆ 448 ಮಿ.ಲೀ. ಇದ್ದದ್ದು ಸುಮಾರು 220 ಮಿ.ಲೀ.ಗೆ ಇಳಿಯುತ್ತದೆ. ಔಷಧದ ಒಂದು ಮಿ.ಗ್ರಾಂ ಕೂಡ ಕಡಿಮೆಯಾಗಿಲ್ಲ. ಮೂತ್ರಪಿಂಡ ಕೈಕೊಟ್ಟ ಮಗುವಿನಲ್ಲಿ ಐದು ದಿನಗಳಲ್ಲಿ ಹೀಗೆ ಉಳಿತಾಯವಾಗುವ ದ್ರವ 1.1 ಲೀಟರಿಗೂ ಹೆಚ್ಚು, ಅಂದರೆ ದೇಹತೂಕದ ಶೇ. 9ನ್ನು ಮೀರುತ್ತದೆ, ಮುಂದೆ ವಿವರಿಸುವಂತೆ ಅಪಾಯದ ಗಡಿಯೆಂದು ಎಣಿಸುವ ಪ್ರಮಾಣಕ್ಕೆ ಇದು ಬಹಳ ಸಮೀಪ.

ಆದರೆ ಸಾಂದ್ರತೆಗೆ ಮಿತಿಗಳಿವೆ. ಕೈಯ ಸಣ್ಣ ಅಭಿಧಮನಿಯಲ್ಲಿ ಸಾಂದ್ರ ಔಷಧ ಹರಿಸಿದರೆ ನಾಳ ಉರಿಯೂತಕ್ಕೆ ಒಳಗಾಗುತ್ತದೆ, ಹೊರಗೆ ಸೋರಿದರೆ ಚರ್ಮವೇ ಸತ್ತುಹೋಗಬಹುದು. ಹರಿವು ತೀರಾ ನಿಧಾನವಾದಾಗ ಬೇರೊಂದು ಅಪಾಯ ಎದುರಾಗುತ್ತದೆ. ಪಂಪಿನಿಂದ ರಕ್ತನಾಳದವರೆಗಿನ ಕೊಳವೆಯೊಳಗೆ ಅರ್ಧ ಮಿ.ಲೀ. ಜಾಗವಿದ್ದರೆ ಗಂಟೆಗೆ ಅರ್ಧ ಮಿ.ಲೀ.ಯಂತೆ ಸಾಗುವ ಅಡ್ರಿನಲಿನ್ ಮಗುವನ್ನು ತಲುಪಲು ಒಂದು ಗಂಟೆ ಹಿಡಿಯುತ್ತದೆ. ಅದೇ ಕೊಳವೆಗೆ ಯಾರಾದರೂ ಅರಿಯದೆ ಫ್ಲಶ್ ತಳ್ಳಿದರೆ ಒಂದು ಗಂಟೆಯ ಔಷಧ ಒಂದೇ ಕ್ಷಣದಲ್ಲಿ ಹೃದಯವನ್ನು ಸೇರಿ ರಕ್ತದೊತ್ತಡ ಒಮ್ಮೆಲೇ ಏರುತ್ತದೆ. ಆದ್ದರಿಂದ ಹೃದಯಕ್ಕೆ ಬಲ ಕೊಡುವ ಔಷಧಗಳಿಗೆ ಪ್ರತ್ಯೇಕ ಕೊಳವೆಯನ್ನು ಮೀಸಲಿಡುವುದು, ಅದರಿಂದ ಫ್ಲಶ್ ಮಾಡದಿರುವುದು, ಸಿರಿಂಜ್ ಖಾಲಿಯಾಗುವ ಮೊದಲೇ ಮುಂದಿನದನ್ನು ಸಿದ್ಧವಾಗಿಡುವುದು ಅನಿವಾರ್ಯ ಶಿಸ್ತುಗಳಾಗಿವೆ.

ಯಾವ ದ್ರವದಲ್ಲಿ ಬೆರೆಸಬೇಕೆಂಬುದು ಎಲ್ಲ ಸಂದರ್ಭಗಳಲ್ಲೂ ವೈದ್ಯರ ಆಯ್ಕೆಯಲ್ಲ. ಫೆನಿಟಾಯಿನ್ ಗ್ಲೂಕೋಸ್ ದ್ರಾವಣದಲ್ಲಿ ಹರಳುಗಟ್ಟುವುದರಿಂದ ಅದಕ್ಕೆ ಸಲೈನೇ ಬೇಕು. ಆಂಫೊಟೆರಿಸಿನ್ ಬಿ ಸಲೈನಿನಲ್ಲಿ ಗಸಿಗಟ್ಟುವುದರಿಂದ ಅದಕ್ಕೆ ಶೇ. 5ರ ಡೆಕ್ಸ್‌ಟ್ರೋಸೇ ಬೇಕು. ಎರಡೂ ಸಾಧ್ಯವಿರುವ ಔಷಧಗಳಲ್ಲಿ ರಕ್ತದ ಸೋಡಿಯಂ ಮತ್ತು ಸಕ್ಕರೆಯ ಮಟ್ಟವನ್ನು ನೋಡಿ ಆಯ್ದುಕೊಳ್ಳಬಹುದು, ಆದರೆ ಸೋಡಿಯಂ ತಪ್ಪಿಸಲೆಂದು ಎಲ್ಲವನ್ನೂ ಡೆಕ್ಸ್‌ಟ್ರೋಸಿಗೆ ಬದಲಾಯಿಸಿದರೆ ಮಿದುಳಿನ ಊತವಿರುವ ಮಗುವಿಗೆ ಅದೇ ಹಾನಿಯಾದೀತು. ಇನ್ನು ಕೆಲವು ಔಷಧಗಳಿಗೆ ದ್ರವವೇ ರಕ್ಷಣೆ. ಹರ್ಪಿಸ್ ಮಿದುಳುರಿಯೂತಕ್ಕೆ ಕೊಡುವ ಅಸೈಕ್ಲೊವಿರ್ ಮೂತ್ರನಾಳಿಕೆಗಳಲ್ಲಿ ಹರಳುಗಟ್ಟಿ ಮೂತ್ರಪಿಂಡವನ್ನು ಕೆಡಿಸಬಲ್ಲದಾದ್ದರಿಂದ ಅದನ್ನು ಒಂದು ಗಂಟೆಯ ಅವಧಿಯಲ್ಲಿ ಸಾಕಷ್ಟು ತೆಳುವಾಗಿ, ಮೂತ್ರ ಚೆನ್ನಾಗಿ ಹರಿಯುವಂತೆ ನೋಡಿಕೊಂಡು ಕೊಡಬೇಕಾಗುತ್ತದೆ. ಇಂಥಲ್ಲಿ ದ್ರವ ಉಳಿಸುವ ಉತ್ಸಾಹ ಮಗುವಿಗೆ ಕೇಡು ತರುತ್ತದೆ.

ದ್ರವಾಧಿಕ್ಯ ಮತ್ತು ಅದರ ಪರಿಣಾಮ

ದೇಹದಲ್ಲಿ ಉಳಿದುಕೊಂಡ ಹೆಚ್ಚುವರಿ ದ್ರವವನ್ನು ಶೇಕಡಾವಾರು ಅಳೆಯುವ ಸರಳ ಕ್ರಮವನ್ನು ಸ್ಟುವರ್ಟ್ ಗೋಲ್ಡ್‌ಸ್ಟೀನ್ ಮತ್ತು ಸಹೋದ್ಯೋಗಿಗಳು 2001ರಲ್ಲಿ ಬಳಕೆಗೆ ತಂದರು: ಘಟಕಕ್ಕೆ ಸೇರಿದಂದಿನಿಂದ ಒಳಬಂದ ಒಟ್ಟು ಲೀಟರುಗಳಲ್ಲಿ ಹೊರಹೋದದ್ದನ್ನು ಕಳೆದು, ಸೇರಿದಾಗಿನ ತೂಕದಿಂದ ಭಾಗಿಸಿ, ನೂರರಿಂದ ಗುಣಿಸಬೇಕು. ಶೇ. 10ನ್ನು ಎಚ್ಚರಿಕೆಯ ಗಡಿಯೆಂದೂ ಶೇ. 20ನ್ನು ಗಂಭೀರವೆಂದೂ ಸಾಮಾನ್ಯವಾಗಿ ಪರಿಗಣಿಸುತ್ತಾರೆ. ನಿರಂತರ ಡಯಾಲಿಸಿಸ್ ಅಗತ್ಯವಾದ 297 ಮಕ್ಕಳ ದಾಖಲೆಗಳನ್ನು ಅಮೆರಿಕದಲ್ಲಿ ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಡಯಾಲಿಸಿಸ್ ಆರಂಭವಾಗುವ ಹೊತ್ತಿಗೆ ದ್ರವಾಧಿಕ್ಯ ಶೇ. 10ಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 29.4, ಶೇ. 10ರಿಂದ 20ರ ನಡುವೆ ಇದ್ದವರಲ್ಲಿ ಶೇ. 43.1, ಅದಕ್ಕೂ ಮೀರಿದವರಲ್ಲಿ ಶೇ. 65.6 ಮಕ್ಕಳು ಸಾವಿಗೀಡಾಗಿದ್ದರು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ದ್ರವಾಧಿಕ್ಯ ಶೇಕಡಾ ಒಂದರಷ್ಟು ಹೆಚ್ಚಿದಂತೆ ಸಾವಿನ ಸಂಭಾವ್ಯತೆ ಶೇ. 6ರಷ್ಟು ಏರುವುದನ್ನು ತೋರಿಸಿತು. ರೋಗ ಹೆಚ್ಚಿದ್ದ ಮಕ್ಕಳಿಗೇ ಹೆಚ್ಚು ದ್ರವ ಬೇಕಾಗಿರಬಹುದಾದ್ದರಿಂದ ಈ ಅಂಕಿಗಳು ಕಾರಣ–ಪರಿಣಾಮವನ್ನು ಪೂರ್ಣವಾಗಿ ಸಾಬೀತುಪಡಿಸುವುದಿಲ್ಲ. ಆದರೂ ಹೆಚ್ಚುವರಿ ದ್ರವ ಶ್ವಾಸಕೋಶದ ಗಾಳಿಗೂಡುಗಳಲ್ಲಿ ಸೇರಿ ವೆಂಟಿಲೇಟರಿನ ದಿನಗಳನ್ನು ಹೆಚ್ಚಿಸುತ್ತದೆ, ಕವಚದೊಳಗಿರುವ ಮೂತ್ರಪಿಂಡವನ್ನು ಒಳಗಿನಿಂದಲೇ ಒತ್ತುತ್ತದೆ, ಕರುಳಿನ ಗೋಡೆ ಊದಿ ಹಾಲು ಅರಗದಂತೆ ಮಾಡುತ್ತದೆ ಎಂಬುದು ಹಾಸಿಗೆಯ ಬಳಿಯೇ ಕಾಣುವ ಸಂಗತಿ.

ಮೂತ್ರಪಿಂಡದ ಹಾನಿಯನ್ನು ಈ ದ್ರವವೇ ಮರೆಮಾಚುವುದು ವಿಶೇಷವಾಗಿ ಗಮನಿಸಬೇಕಾದ ಅಂಶ. ರಕ್ತದ ಕ್ರಿಯಾಟಿನಿನ್ ಏರಿದರೆ ಮೂತ್ರಪಿಂಡ ಸೋಲುತ್ತಿದೆಯೆಂದು ತಿಳಿಯುತ್ತದೆ. ಆದರೆ ಹೆಚ್ಚಿದ ನೀರಿನಲ್ಲಿ ಕ್ರಿಯಾಟಿನಿನ್ ತೆಳುವಾಗಿ ಸಹಜವೆಂಬಂತೆ ಕಾಣುತ್ತದೆ, ಮತ್ತು ಆ ಅಂಕಿಯನ್ನು ನಂಬಿ ಮೂತ್ರಪಿಂಡಕ್ಕೆ ಹಾನಿಕರವಾದ ಔಷಧಗಳನ್ನು ಮುಂದುವರಿಸಿದರೆ ಹಾನಿ ಇಮ್ಮಡಿಯಾಗುತ್ತದೆ. ಸಂಚಿತ ದ್ರವಕ್ಕೆ ತಕ್ಕಂತೆ ಕ್ರಿಯಾಟಿನಿನ್ ಅನ್ನು ಸರಿಪಡಿಸಿ ಓದುವ ಕ್ರಮ ಇದಕ್ಕಾಗಿಯೇ ಇದೆ. 32 ಘಟಕಗಳ 4,683 ಮಕ್ಕಳು ಮತ್ತು ಯುವವಯಸ್ಕರನ್ನು ಗಮನಿಸಿದ, 2017ರಲ್ಲಿ ಪ್ರಕಟವಾದ ‘ಅವೇರ್’ ಎಂಬ ಬಹುರಾಷ್ಟ್ರೀಯ ಅಧ್ಯಯನದಲ್ಲಿ ಶೇ. 26.9ರಷ್ಟು ಮಂದಿಗೆ ಮೂತ್ರಪಿಂಡದ ತೀವ್ರ ಹಾನಿ ಉಂಟಾಗಿತ್ತು. ಕ್ರಿಯಾಟಿನಿನ್ ಒಂದನ್ನೇ ನೆಚ್ಚಿ ಮೂತ್ರದ ಪ್ರಮಾಣವನ್ನು ಅಳೆಯದಿದ್ದರೆ ಅನೇಕ ಪ್ರಕರಣಗಳು ತಪ್ಪಿಹೋಗುತ್ತವೆಂಬುದೂ ಅದರಿಂದ ತಿಳಿಯಿತು.

ಆರಂಭದ ದ್ರವ: ಆಫ್ರಿಕದ ಪಾಠ ಮತ್ತು ಡೆಂಗಿ

ಆಘಾತಕ್ಕೊಳಗಾದ ಮಗುವಿಗೆ ವೇಗವಾಗಿ ದ್ರವ ತುಂಬುವುದು ಜೀವರಕ್ಷಕವೆಂಬ ನಂಬಿಕೆಯನ್ನು 2011ರ ‘ಫೀಸ್ಟ್’ ಪ್ರಯೋಗ ಅಲುಗಾಡಿಸಿತು. ಉಗಾಂಡಾ, ಕೆನ್ಯಾ ಮತ್ತು ಟಾಂಜಾನಿಯಾಗಳಲ್ಲಿ ತೀವ್ರ ಜ್ವರ ಮತ್ತು ರಕ್ತಸಂಚಾರದ ಕೊರತೆಯಿದ್ದ 3,141 ಮಕ್ಕಳಲ್ಲಿ, ವೇಗವಾಗಿ ದ್ರವ ಪಡೆದವರಲ್ಲಿ 48 ಗಂಟೆಗಳೊಳಗೆ ಸುಮಾರು ಶೇ. 10.5ರಷ್ಟು ಮಂದಿ ಸತ್ತರೆ, ನಿತ್ಯದ ಪ್ರಮಾಣವನ್ನಷ್ಟೇ ಪಡೆದವರಲ್ಲಿ ಸತ್ತವರು ಶೇ. 7.3. ಪ್ರಯೋಗದಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಮಲೇರಿಯಾ ಇತ್ತು, ವೆಂಟಿಲೇಟರ್ ಸೌಲಭ್ಯ ಆ ಆಸ್ಪತ್ರೆಗಳಲ್ಲಿರಲಿಲ್ಲ. ಇದನ್ನು ಗಮನದಲ್ಲಿಟ್ಟುಕೊಂಡೇ ಸೆಪ್ಸಿಸ್ ಕುರಿತ 2020ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ತೀವ್ರ ನಿಗಾ ಸೌಲಭ್ಯವಿರುವಲ್ಲಿ ಮೊದಲ ಗಂಟೆಯಲ್ಲಿ ಪ್ರತಿ ಕೆ.ಜಿ.ಗೆ 40ರಿಂದ 60 ಮಿ.ಲೀ.ವರೆಗೆ, ಸಣ್ಣ ಕಂತುಗಳಲ್ಲಿ, ಪ್ರತಿ ಕಂತಿನ ಬಳಿಕ ಮಗುವನ್ನು ಪರೀಕ್ಷಿಸಿ ಕೊಡಬಹುದೆಂದೂ, ಸೌಲಭ್ಯವಿಲ್ಲದೆಡೆ ರಕ್ತದೊತ್ತಡ ಕುಸಿಯದ ಮಗುವಿಗೆ ವೇಗದ ದ್ರವ ಬೇಡವೆಂದೂ ಪ್ರತ್ಯೇಕವಾಗಿ ಹೇಳುತ್ತದೆ.

ಕರ್ನಾಟಕದ ಮಕ್ಕಳ ಆಸ್ಪತ್ರೆಗಳಲ್ಲಿ ಈ ಪ್ರಶ್ನೆ ಪ್ರತಿ ಮಳೆಗಾಲದಲ್ಲೂ ಡೆಂಗಿಯ ರೂಪದಲ್ಲಿ ಎದುರಾಗುತ್ತದೆ. ಡೆಂಗಿಯಲ್ಲಿ ಪ್ಲಾಸ್ಮಾ ಸೋರುವ ಹಂತ 24ರಿಂದ 48 ಗಂಟೆಗಳದ್ದು. ಆ ಅವಧಿಯಲ್ಲಿ ಎಚ್ಚರಿಕೆಯ ಲಕ್ಷಣಗಳಿರುವ ಮಗುವಿಗೆ ಪ್ರತಿ ಕೆ.ಜಿ.ಗೆ ಗಂಟೆಗೆ 5ರಿಂದ 7 ಮಿ.ಲೀ.ಯಿಂದ ಆರಂಭಿಸಿ ಹಂತಹಂತವಾಗಿ 2–3 ಮಿ.ಲೀ.ಗೆ ಇಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈಪಿಡಿ ಸೂಚಿಸುತ್ತದೆ. ಹಂತ ಮುಗಿದೊಡನೆ ಸೋರಿದ ಪ್ಲಾಸ್ಮಾ ತಾನಾಗಿ ರಕ್ತಕ್ಕೆ ಮರಳುತ್ತದೆ. ಆಗಲೂ ಡ್ರಿಪ್ ನಿಲ್ಲಿಸದಿದ್ದರೆ ಚೇತರಿಸಿಕೊಳ್ಳುತ್ತಿರುವ ಮಗುವಿನ ಶ್ವಾಸಕೋಶ ನೀರಿನಿಂದ ತುಂಬಿ ಉಸಿರಾಟ ಕಷ್ಟವಾಗುತ್ತದೆ. ‘ಗ್ಲೂಕೋಸ್ ಹಾಕಿಸಿದರೆ ಶಕ್ತಿ ಬರುತ್ತದೆ’ ಎಂಬ ಜನಸಾಮಾನ್ಯರ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿರುವುದರಿಂದ, ಡ್ರಿಪ್ ತೆಗೆಯುವುದೂ ಚಿಕಿತ್ಸೆಯ ಭಾಗವೇ ಎಂದು ಪೋಷಕರಿಗೆ ಬಿಡಿಸಿ ಹೇಳುವ ಹೊಣೆ ವೈದ್ಯರ ಮೇಲೆ ಹೆಚ್ಚಾಗಿಯೇ ಇದೆ.

ನೀರು ತುಂಬಿದ ದೇಹದಲ್ಲಿ ಔಷಧದ ವರ್ತನೆ

ಔಷಧ ದ್ರವವನ್ನು ಹೆಚ್ಚಿಸುವಂತೆಯೇ ದ್ರವವೂ ಔಷಧದ ಮೇಲೆ ಪರಿಣಾಮ ಬೀರುತ್ತದೆ. ನೀರಿನಲ್ಲಿ ಕರಗುವ ಅಮಿಕಾಸಿನ್, ವ್ಯಾಂಕೊಮೈಸಿನ್, ಪೆನಿಸಿಲಿನ್ ವರ್ಗದ ಔಷಧಗಳು ಹೆಚ್ಚಿದ ಕೋಶಬಾಹ್ಯ ದ್ರವದಲ್ಲೆಲ್ಲ ಹರಡಿಕೊಳ್ಳುವುದರಿಂದ ಮೊದಲ ಡೋಸಿನಲ್ಲಿ ರಕ್ತದಲ್ಲಿ ಸಿಗಬೇಕಾದ ಸಾಂದ್ರತೆ ಸಿಗದೆ ಸೋಂಕು ಹತೋಟಿಗೆ ಬಾರದಿರಬಹುದು. ಅದೇ ಮಗುವಿನ ಮೂತ್ರಪಿಂಡ ಸೋಲುತ್ತಿದ್ದರೆ ಮುಂದಿನ ಡೋಸುಗಳು ಹೊರಹೋಗದೆ ವಿಷಪ್ರಮಾಣಕ್ಕೆ ಏರಬಹುದು. ಮೊದಲ ಡೋಸನ್ನು ಪೂರ್ಣವಾಗಿ ಕೊಟ್ಟು, ನಂತರದ ಅಂತರವನ್ನು ರಕ್ತದಲ್ಲಿನ ಔಷಧದ ಮಟ್ಟ ಅಳೆದು ನಿರ್ಧರಿಸುವುದು ಇದಕ್ಕೆ ಸರಿಯಾದ ಕ್ರಮ. ಊತದಿಂದ ಹೆಚ್ಚಿದ ತೂಕವನ್ನು ನಂಬಿ ಡೋಸನ್ನು ದಿನದಿನಕ್ಕೆ ಏರಿಸುವುದು ಸಲ್ಲದು. ಘಟಕಕ್ಕೆ ಸೇರಿದಾಗಿನ ತೂಕವೇ ಲೆಕ್ಕಕ್ಕೆ ಆಧಾರವಾಗಬೇಕು.

ಹೊರಹಾಕುವ ಚಿಕಿತ್ಸೆ

ಆಘಾತ ಕಳೆದು ರಕ್ತಸಂಚಾರ ಸ್ಥಿರವಾದ ಮೇಲೆ, ಸಾಮಾನ್ಯವಾಗಿ ಎರಡನೆಯ ಅಥವಾ ಮೂರನೆಯ ದಿನದ ನಂತರ, ದ್ರವವನ್ನು ಹೊರತೆಗೆಯುವ ಹಂತ ಬರುತ್ತದೆ. ಫ್ಯೂರೊಸೆಮೈಡ್ ಎಂಬ ಮೂತ್ರವರ್ಧಕವನ್ನು ಪ್ರತಿ ಕೆ.ಜಿ.ಗೆ ಅರ್ಧದಿಂದ ಒಂದು ಮಿ.ಗ್ರಾಂನಂತೆ ಅಥವಾ ನಿರಂತರ ಹರಿವಾಗಿ ಕೊಡುವುದು ವಾಡಿಕೆ. ಅದು ಪೊಟ್ಯಾಸಿಯಂ ಮತ್ತು ಕ್ಲೋರೈಡ್‌ಗಳನ್ನು ಕಳೆಯುತ್ತದೆ, ಅಮಿಕಾಸಿನ್‌ನಂಥ ಔಷಧದ ಜೊತೆಗೂಡಿದರೆ ಕಿವಿಗೆ ಹಾನಿಮಾಡಬಲ್ಲದು. ನಷ್ಟವಾದ ಪೊಟ್ಯಾಸಿಯಂ ತುಂಬಲು ಮತ್ತೆ ಡ್ರಿಪ್ ಹಚ್ಚಿದರೆ ಹೊರತೆಗೆದ ದ್ರವದ ಒಂದು ಪಾಲು ಹಿಂದಿರುಗಿ ಬಂದಂತೆಯೇ ಆಗುವುದರಿಂದ, ಹೊಟ್ಟೆಯ ಮೂಲಕ ಕೊಡಲು ಸಾಧ್ಯವಿದ್ದರೆ ಹಾಗೆಯೇ ಕೊಡುವುದು ಮೇಲು.

ಮೂತ್ರವರ್ಧಕಕ್ಕೆ ಮೂತ್ರಪಿಂಡ ಸ್ಪಂದಿಸದಿದ್ದರೆ ಡಯಾಲಿಸಿಸ್ ಬೇಕಾಗುತ್ತದೆ. ಶಿಶುಗಳಿಗೆಂದೇ ಇಟಲಿಯ ಕ್ಲಾಡಿಯೊ ರೊಂಕೊ ಅವರ ತಂಡ ರೂಪಿಸಿದ ‘ಕಾರ್ಪೆಡಿಯಮ್’ ಯಂತ್ರ 2013ರಲ್ಲಿ ವಿಚೆಂಜಾ ನಗರದಲ್ಲಿ ಮೊದಲ ಬಾರಿಗೆ ನವಜಾತ ಶಿಶುವೊಂದಕ್ಕೆ ಬಳಕೆಯಾಯಿತು. ಇಂಥ ಯಂತ್ರಗಳಿಲ್ಲದ ಭಾರತದ ಬಹುಪಾಲು ಆಸ್ಪತ್ರೆಗಳಲ್ಲಿ ಹೊಟ್ಟೆಯ ಒಳಪೊರೆಯನ್ನೇ ಸೋಸುವ ಪೊರೆಯಾಗಿ ಬಳಸುವ ಪೆರಿಟೋನಿಯಲ್ ಡಯಾಲಿಸಿಸ್ ಚಿಕ್ಕ ಮಕ್ಕಳ ಪಾಲಿಗೆ ಆಸರೆಯಾಗಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವಾಗಲಿ ದೊಡ್ಡ ರಕ್ತನಾಳದ ಕೊಳವೆಯಾಗಲಿ ಇದಕ್ಕೆ ಬೇಡ. ನಿರಂತರ ಡಯಾಲಿಸಿಸ್ ನಡೆಯುವಾಗ ಮೆರೊಪೆನೆಮ್, ವ್ಯಾಂಕೊಮೈಸಿನ್ ಮುಂತಾದವು ಯಂತ್ರದ ಮೂಲಕ ಸೋರಿಹೋಗುವುದರಿಂದ ಡೋಸನ್ನು ಮತ್ತೆ ಲೆಕ್ಕಹಾಕಬೇಕಾಗುತ್ತದೆ.

ಅಳತೆ ಮತ್ತು ಆದೇಶ

ಇಷ್ಟೆಲ್ಲವೂ ನಿಂತಿರುವುದು ನರ್ಸ್ ಬರೆಯುವ ಚಾರ್ಟಿನ ಮೇಲೆ. ಡೈಪರನ್ನು ತೂಗಿ ಒಣ ಡೈಪರಿನ ತೂಕ ಕಳೆದರೆ ಒಂದು ಗ್ರಾಂ ಒಂದು ಮಿ.ಲೀ. ಮೂತ್ರಕ್ಕೆ ಸಮ, ಗಂಟೆಗೆ ಪ್ರತಿ ಕೆ.ಜಿ.ಗೆ ಒಂದು ಮಿ.ಲೀ. ಮೂತ್ರ ಬರುತ್ತಿದ್ದರೆ ಸಮಾಧಾನ. ಕೊಳವೆ, ಹಲಗೆ, ಬ್ಯಾಂಡೇಜುಗಳ ಭಾರವನ್ನು ಕಳೆದು ದಿನಕ್ಕೊಮ್ಮೆ ಮಗುವನ್ನು ತೂಗುವುದು ಕಷ್ಟವಾದರೂ ಚಾರ್ಟಿನಲ್ಲಿ ತಪ್ಪಿಹೋದದ್ದನ್ನು ಅದು ಹಿಡಿದುಕೊಡುತ್ತದೆ. ಸಿರಿಂಜ್ ಪಂಪುಗಳು ಸಾಲದ ಸಣ್ಣ ಆಸ್ಪತ್ರೆಗಳಲ್ಲಿ 100 ಮಿ.ಲೀ. ಹಿಡಿಯುವ ಬ್ಯುರೆಟ್ ಮತ್ತು ಒಂದು ಮಿ.ಲೀ.ಗೆ 60 ಹನಿ ಬೀಳುವ ಮೈಕ್ರೊಡ್ರಿಪ್ ಸೆಟ್ ಬಳಸಿದರೆ ನಿಮಿಷಕ್ಕೆ ಬೀಳುವ ಹನಿಗಳ ಸಂಖ್ಯೆಯೇ ಗಂಟೆಗೆ ಹರಿಯುವ ಮಿ.ಲೀ. ಆಗುತ್ತದೆ, ಔಷಧವನ್ನು ಬ್ಯುರೆಟ್ಟಿನಲ್ಲೇ ಬೆರೆಸಿ ಹರಿಸಿದರೆ ಅದರ ದ್ರವ ಡ್ರಿಪ್ಪಿನ ಲೆಕ್ಕದೊಳಗೇ ಬರುತ್ತದೆ.

ಆದೇಶ ಬರೆಯುವ ಕ್ರಮವೂ ತಿರುವುಮುರುವಾಗಬೇಕಿದೆ. ಮೊದಲು 24 ಗಂಟೆಗಳ ಒಟ್ಟು ಮಿತಿಯನ್ನು ನಿಗದಿಪಡಿಸಿ, ಅದರಿಂದ ಔಷಧಗಳು, ಕೊಳವೆಗಳು ಮತ್ತು ಫ್ಲಶ್‌ಗಳ ದ್ರವವನ್ನು ಕಳೆದು, ಅನಂತರ ಹಾಲಿಗೆ ಜಾಗ ಮಾಡಿ, ಉಳಿದದ್ದನ್ನಷ್ಟೇ ಡ್ರಿಪ್ ಎಂದು ಬರೆಯುವುದು ಸರಿಯಾದ ಪದ್ಧತಿ. ಹಾಲಿಗಿಂತ ಮೊದಲು ಡ್ರಿಪ್ಪಿಗೆ ಜಾಗ ಕೊಟ್ಟರೆ ಮಗು ಕ್ಯಾಲರಿ ಮತ್ತು ಪ್ರೋಟೀನಿನಿಂದ ವಂಚಿತವಾಗುತ್ತದೆ, ಮತ್ತು ತೀವ್ರ ನಿಗಾ ಘಟಕದಲ್ಲಿ ಸೊರಗುವ ಮಕ್ಕಳ ಪಾಲಿಗೆ ಇದು ಸಣ್ಣ ನಷ್ಟವಲ್ಲ. ಔಷಧಶಾಸ್ತ್ರ ತಿಳಿದ ಫಾರ್ಮಸಿಸ್ಟ್ ಬೆಳಗಿನ ರೌಂಡ್ಸ್‌ನಲ್ಲಿ ಜೊತೆಗಿದ್ದರೆ ಯಾವ ಔಷಧವನ್ನು ಎಷ್ಟು ಸಾಂದ್ರವಾಗಿ, ಯಾವ ದ್ರವದಲ್ಲಿ ಕೊಡಬಹುದು, ಯಾವುದನ್ನು ಅಂದೇ ಹೊಟ್ಟೆಯ ಮೂಲಕ ಕೊಡಲು ಆರಂಭಿಸಬಹುದು, ಯಾವುದನ್ನು ನಿಲ್ಲಿಸಬಹುದು ಎಂಬುದು ಹಾಸಿಗೆಯ ಬಳಿಯೇ ತೀರ್ಮಾನವಾಗುತ್ತದೆ. ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯಲ್ಲಿ ಆರಂಭವಾದ ‘ನಿಂಜಾ’ ಕಾರ್ಯಕ್ರಮವು ಮೂತ್ರಪಿಂಡಕ್ಕೆ ಹಾನಿಕರವಾದ ಮೂರು ಅಥವಾ ಹೆಚ್ಚು ಔಷಧಗಳನ್ನು ಏಕಕಾಲಕ್ಕೆ ಪಡೆಯುವ ಮಕ್ಕಳನ್ನು ಫಾರ್ಮಸಿಸ್ಟರ ಮೂಲಕ ದಿನವೂ ಗುರುತಿಸಿ, ಪ್ರತಿದಿನ ಕ್ರಿಯಾಟಿನಿನ್ ಅಳೆಯುವ ಕ್ರಮದಿಂದ ಮೂತ್ರಪಿಂಡದ ಹಾನಿಯನ್ನು ತಗ್ಗಿಸಿತು. ಔಷಧಗಳೊಡನೆ ಹೋಗುವ ದ್ರವ ಮತ್ತು ಸೋಡಿಯಂಗಳನ್ನೂ ಅದೇ ದಿನನಿತ್ಯದ ಪಟ್ಟಿಗೆ ಸೇರಿಸಲು ಹೊಸ ಯಂತ್ರವೇನೂ ಬೇಕಿಲ್ಲ. ಆದೇಶಪತ್ರದಲ್ಲಿ ಪ್ರತಿ ಔಷಧದ ಮುಂದೆ ಅದು ಒಯ್ಯುವ ಮಿ.ಲೀ. ಮತ್ತು ಮಿಲಿಮೋಲ್‌ಗಳಿಗೆ ಎರಡು ಕಾಲಂಗಳನ್ನು ಇರಿಸಿದರೆ ಸಾಕು.